ಒಗ್ಗರಣೆ ಮೀಟರ್

ಈಗ ಕಿವಿಯಂತ್ರ ಹಾಕಿಸಿಕೊಳ್ಳಲು ಹೋಗುವವರು ಕೈಚೀಲದಲ್ಲಿ ಮನೆಯ ಬಾಣಲೆ ಇಟ್ಟುಕೊಂಡು ಹೋದರೆ ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ. ಟೈಲರ್‌ಗಳು ಹೊಲಿಗೆ ಯಂತ್ರವನ್ನೇ ಆಟೋದಲ್ಲಿ ಹೇರಿಕೊಂಡು ಬರುತ್ತಾರೆ. ಮೊನ್ನೆ ಒಬ್ಬರು ಮನೆಯ ಗೇಟು ಕಿತ್ತು ತಂದಿದ್ದರಂತೆ. ಅದು ಕಿರ್ ಅನ್ನದಿದ್ದರೆ ಅವರಿಗೆ ಮನೆಗೆ ಬಂದ ಹಾಗೇ ಆಗುವುದಿಲ್ಲವಂತೆ. ಕಿವಿ ಪರೀಕ್ಷೆಯ ಕೋಣೆಯಲ್ಲಿ ಗ್ಯಾಸ್ ಒಲೆ, ಅದರ ಪಕ್ಕದಲ್ಲಿ ಸಾಸಿವೆ ಡಬ್ಬಿ, ಅದರ ಪಕ್ಕದಲ್ಲಿ ಮುಳ್ಳಿನ ಮೀಟರು. ಜ್ವರ ಎಷ್ಟು ಡಿಗ್ರಿ ಅಂತ ಕೇಳುವ ಹಾಗೆ ಕಿವಿ ಎಷ್ಟು ಒಗ್ಗರಣೆ ಅಂತ ಕೇಳುತ್ತಾರೆ. ಇದರ ಹುಟ್ಟಿನ ಬಗ್ಗೆ ಮಕ್ಕಳ ಪುಸ್ತಕದಲ್ಲಿ ಏನೇನೋ ಬರೆದಿದ್ದಾರೆ, ಅದನ್ನೆಲ್ಲ ನಂಬಬೇಡಿ. ಇದು ಹುಟ್ಟಿದ್ದು ನನ್ನ ಸಿಟ್ಟಿನಿಂದ.

ನಾನು ಇಂದುಮತಿ. ಟೆಲಿಫೋನ್ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ರಿಲೇ ಹೊಂದಿಸಿದವಳು. ರಿಲೇ ಅಂದರೆ ಹಳೇ ಕಾಲದ ಎಕ್ಸ್‌ಚೇಂಜಿನೊಳಗೆ ಸಾಲಾಗಿ ಕೂರುತ್ತಿದ್ದ ಬೆಂಕಿಪೊಟ್ಟಣದಷ್ಟು ಗಾತ್ರದ ಸ್ವಿಚ್ಚು. ಅದರೊಳಗಿನ ತೆಳು ಪಟ್ಟಿಗಳು ಕೂಡುವಾಗ ಟಿಕ್ ಅನ್ನಬೇಕು. ಪಟ್ಟಿ ಒಂದು ಕೂದಲೆಳೆ ಬಾಗಿದ್ದರೂ ಟಿಕ್ ಬದಲಾಗುತ್ತದೆ. ನಮ್ಮ ಸೆಕ್ಷನ್ನಿನ ಹೆಂಗಸರು ಗೇಜು ಹಾಕುವ ಮೊದಲೇ ಸದ್ದು ಕೇಳಿ ಸರಿ ತಪ್ಪು ಹೇಳುತ್ತಿದ್ದೆವು. ಆದರೆ ಗೋಡೆಯ ಆಚೆ ಪ್ರೆಸ್ ಶಾಪು ಇತ್ತು, ದಿನವಿಡೀ ಧಡ್ ಧಡ್. ಅರವತ್ತು ದಾಟುವ ಹೊತ್ತಿಗೆ ನನ್ನ ಕಿವಿಯಿಂದ ಸಣ್ಣ ಸದ್ದುಗಳೆಲ್ಲ ಒಂದೊಂದಾಗಿ ಹೊರಟುಹೋದವು. ಮೊದಲು ಗುಬ್ಬಚ್ಚಿ, ಆಮೇಲೆ ಬಳೆ, ಕೊನೆಗೆ ಸಾಸಿವೆ.

ಗುಬ್ಬಚ್ಚಿ ಹೋದರೆ ಹೋಗಲಿ, ಸಾಸಿವೆ ಹೋಗಿದ್ದನ್ನು ಮಾತ್ರ ನನಗೆ ತಡೆದುಕೊಳ್ಳಲು ಆಗಲಿಲ್ಲ. ನಾನು ಒಗ್ಗರಣೆ ಹಾಕುವುದು ಕಿವಿಯಲ್ಲಿ. ಚಟಪಟ ಜೋರಾಗಿ ಎದ್ದು, ಇಳಿದು, ಕೊನೆಯ ನಾಲ್ಕು ಕಾಳು ಉಳಿದಾಗ ಕರಿಬೇವು ಬೀಳಬೇಕು. ಆಗ ನಾನು ಸಾಮಾನ್ಯವಾಗಿ ಬೇರೆ ಏನೋ ಹೆಚ್ಚುತ್ತಿರುತ್ತೇನೆ, ಬಾಣಲೆ ಕಡೆ ನೋಡುವುದೂ ಇಲ್ಲ. ಈಗ ನೋಡಿಯೂ ಸೀಯಿಸತೊಡಗಿದೆ. ಒಂದೇ ತಿಂಗಳಲ್ಲಿ ಮೂರು ಸಲ ಸಾರು ಕರ್ರಗಾದಾಗ ನಮ್ಮ ಯಜಮಾನರು, "ಅಡುಗೆಗೆ ಯಾರನ್ನಾದರೂ ಇಟ್ಟುಕೊಳ್ಳೋಣ ಕಣೇ," ಅಂದರು. ಒಳ್ಳೇ ಮನಸ್ಸಿನಿಂದಲೇ ಅಂದಿದ್ದು, ಆದರೂ ನನಗೆ ಸಿಟ್ಟು ಬಂತು.

ಕಿವಿಯಂತ್ರ ಕೊಡಿಸಿದ್ದರು, ಇಲ್ಲ ಅನ್ನುವುದಿಲ್ಲ. ಹಾಕಿಕೊಂಡರೆ ಜಗತ್ತೆಲ್ಲ ತಗಡಿನ ಮೇಲೆ ಮೊಳೆ ಸುರಿದ ಹಾಗೆ ಕೇಳುತ್ತಿತ್ತು. ಹಾಗಂತ ಹೇಳಿದ್ದಕ್ಕೆ ಇವರು ತಮ್ಮ ಉಪಕರಣಗಳನ್ನೆಲ್ಲ ಜೋಡಿಸಿ ಯಂತ್ರವನ್ನು ಎರಡು ದಿನ ಪರೀಕ್ಷೆ ಮಾಡಿ ಒಂದು ಹಾಳೆ ತಂದು ತೋರಿಸಿದರು. "ನೋಡು, ಗೆರೆ ಎಷ್ಟು ಚೆನ್ನಾಗಿ ಬಂದಿದೆ. ಯಂತ್ರದಲ್ಲಿ ಏನೂ ದೋಷ ಇಲ್ಲ." ಯಂತ್ರದಲ್ಲಿ ದೋಷ ಇಲ್ಲ ಅಂದರೆ ಸುಳ್ಳು ಹೇಳುತ್ತಿರುವುದು ನನ್ನ ಕಿವಿ ಅಂತ ತಾನೇ? ಯಂತ್ರವನ್ನು ಡಬ್ಬಿಗೆ ಹಾಕಿ ಬೀರುವಿನಲ್ಲಿಟ್ಟೆ.

ಇವರು ಅಂದರೆ ಶ್ರೀಕಂಠಯ್ಯ. ಅದೇ ಕಾರ್ಖಾನೆಯಲ್ಲಿ ಟೆಸ್ಟಿಂಗ್ ವಿಭಾಗದಲ್ಲಿದ್ದವರು. ನಿವೃತ್ತಿಯಾದ ಮೇಲೆ ನಾದ ಬಳಗ ಅಂತ ಕಟ್ಟಿಕೊಂಡಿದ್ದರು. ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಮ್ಮ ಹಾಲಿನಲ್ಲಿ ಸೇರುತ್ತಿದ್ದರು. ಮಂಗಳೂರಿನ ಪಿಂಟೋ ಮತ್ತು ಧಾರವಾಡದ ಹಿರೇಗೌಡರು, ಇಬ್ಬರೂ ಕಾರ್ಖಾನೆಯವರೇ, ಬೆಂಗಳೂರಿನ ಇದೇ ಕಾಲೊನಿಯಲ್ಲಿ ಮುದುಕರಾದವರು. ಇನ್ನೊಬ್ಬಳು ನಫೀಸಾ, ಆಸ್ಪತ್ರೆಯಲ್ಲಿ ಹಸುಗೂಸುಗಳ ಕಿವಿ ಪರೀಕ್ಷೆ ಮಾಡುವ ಹುಡುಗಿ. ಪಿಟೀಲಿನ ಒಂದೇ ನಿಮಿಷವನ್ನು ನಾಲ್ಕು ಆಂಪ್ಲಿಫೈಯರಿನಲ್ಲಿ ನಲವತ್ತು ಸಲ ಹಾಕಿಕೊಂಡು, ತಂತಿ ಬದಲಾಯಿಸಿ, "ಈಗ ಧ್ವನಿಗೆ ಮೈ ಬಂತು," "ಇಲ್ಲ, ಸ್ವಲ್ಪ ತಣ್ಣಗಾಯಿತು," ಅಂತ ಜಗಳ ಆಡುತ್ತಿದ್ದರು. ಆ ರಾಗ ಕೊನೆಗೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಿದವರಿಲ್ಲ.

ಒಂದು ದಿನ ಇವರು ಪೇಟೆಗೆ ಹೋದಾಗ ನಾನು ಮಸಾಲೆ ಡಬ್ಬಕ್ಕೆ ಫೋನು ಒರಗಿಸಿ ವಿಡಿಯೋ ಮಾಡಿದೆ. ಕೈ ಮಾತ್ರ ಕಾಣುತ್ತದೆ, ಬಳೆ ತೆಗೆದಿದ್ದೆ. ಮಾತಿಗೆ ಫೋನಿನಲ್ಲಿ ಬರೆದದ್ದನ್ನು ಓದುತ್ತದಲ್ಲ, ಆ ಹೆಣ್ಣಿನ ದನಿ ಹಾಕಿದೆ. ನ್ಯಾಯಾಲಯದಲ್ಲಿ ತೀರ್ಪು ಓದಿದ ಹಾಗೆ ಓದುತ್ತದೆ ಅದು. ಇವರ ಆಂಪ್ಲಿಫೈಯರಿಗೆ ಗುರುತು ಸಿಗದಂತೆ ಇಡ್ಲಿ ಬಟ್ಟೆ ಹೊದಿಸಿ ಪರೀಕ್ಷೆ ಶುರು ಮಾಡಿದೆ.

"ಮೊದಲನೆಯದಾಗಿ, ತಂತಿಯ ಗುಣಮಟ್ಟ," ಅಂತು ದನಿ. ತಂತಿಯನ್ನು ತರಕಾರಿ ತಕ್ಕಡಿಯಲ್ಲಿಟ್ಟೆ. "ತೂಕ ಇನ್ನೂರು ಗ್ರಾಂ. ಇದೇ ತೂಕದ ಹುರುಳಿಕಾಯಿ ಇಬ್ಬರಿಗೆ ಪಲ್ಯಕ್ಕಾಗುತ್ತದೆ." ಸ್ಪೀಕರಿನ ಧ್ವನಿ ಎಷ್ಟು ಆಳ ಅಂತ ನೋಡಲು ಅದರಲ್ಲಿ ಹಾಡು ಹಾಕಿಟ್ಟು ನೀರಿನ ಸಂಪಿಗೆ ಹಗ್ಗ ಇಳಿಬಿಟ್ಟೆ. ಧ್ವನಿ ಬೆಚ್ಚಗಿದೆಯೇ ಅಂತ ತಿಳಿಯಲು ಆಂಪ್ಲಿಫೈಯರಿನ ಮೇಲೆ ಇಡ್ಲಿ ಹಿಟ್ಟಿನ ಪಾತ್ರೆ ಇಟ್ಟೆ. "ಎರಡೂವರೆ ಗಂಟೆಯಲ್ಲಿ ಹಿಟ್ಟು ಉಕ್ಕಿತು. ಬೆಚ್ಚಗಿನ ಧ್ವನಿ, ಪ್ರಥಮ ದರ್ಜೆ." ಕೊನೆಗೆ ಒಗ್ಗರಣೆ ಪರೀಕ್ಷೆ. "ನಿಮ್ಮ ಒಗ್ಗರಣೆಯ ಸದ್ದನ್ನು ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಹಾಕಿ. ಪಕ್ಕದ ಕೋಣೆಯಲ್ಲಿ ಪೇಪರ್ ಓದುತ್ತಿರುವವರು ತಲೆಯೆತ್ತಿ ಏನಡುಗೆ ಅಂತ ಕೇಳಿದರೆ ಉಪಕರಣ ತೇರ್ಗಡೆ. ಈ ಅಳತೆಗೆ ಒಂದು ಒಗ್ಗರಣೆ ಎಂದು ಹೆಸರು." ಅಷ್ಟು ಹೇಳಿ, ನಮ್ಮ ಬಾಣಲೆಯ ಒಗ್ಗರಣೆಯನ್ನೇ ಕೊನೆಯಲ್ಲಿ ಸೇರಿಸಿ, ಹೆಸರು ಹೇಳದೆ ಇಂಟರ್‌ನೆಟ್ಟಿಗೆ ಹಾಕಿಬಿಟ್ಟೆ.

ಜನ ನಗುತ್ತಾರೆ ಅಂತ ಮಾಡಿದ್ದು. ನಕ್ಕರು ಕೂಡ. ಆದರೆ ಆಡಿಯೋ ಹುಚ್ಚಿನವರು ನಗಲಿಲ್ಲ, ಆಕ್ಷೇಪಣೆ ಸಲ್ಲಿಸಿದರು. ಒಬ್ಬರು ತಕ್ಕಡಿಗೆ ಸರ್ಕಾರಿ ಮುದ್ರೆ ಹಾಕಿಸಿದ್ದೀರಾ ಅಂತ ಕೇಳಿದ್ದರು. ಇನ್ನೊಬ್ಬರು ಅಕ್ಕಿ ಉದ್ದಿನ ಪ್ರಮಾಣ ತಿಳಿಸದೆ ಫಲಿತಾಂಶ ಪ್ರಕಟಿಸಿದ್ದು ಬೇಜವಾಬ್ದಾರಿ ಅಂತ ಬರೆದಿದ್ದರು.

ಭಾನುವಾರ ನಮ್ಮ ಬಳಗ ಅದನ್ನು ಟೀವಿಗೆ ಹಾಕಿಕೊಂಡು ನೋಡಿತು. ನಾನು ಬಾಗಿಲಲ್ಲಿ ನಿಂತು ಮುಖಗಳನ್ನು ನೋಡುತ್ತಿದ್ದೆ. ಗಂಡಸರ ದಪ್ಪ ದನಿ ನನಗೆ ಅಷ್ಟಿಷ್ಟು ಕೇಳುತ್ತದೆ, ಮಿಕ್ಕಿದ್ದು ತುಟಿ ನೋಡಿ ತಿಳಿಯುತ್ತೇನೆ.

"ಇದು ನಮ್ಮನ್ನ ಅಣಗಿಸಾಕ ಮಾಡಿದ್ದು, ಖರೇನs," ಅಂದರು ಹಿರೇಗೌಡರು.

"ಆದರೂ ಆ ಹಿಟ್ಟಿನ ಐಡಿಯಾ ಉಂಟಲ್ಲ, ಅದು ಬೇಕಾದರೆ ನಿಜ ಮಾರಾಯ್ರೆ," ಅಂದರು ಪಿಂಟೋ. "ಆಂಪ್ಲಿಫೈಯರಿನ ಒಳಗಿನ ವಾಲ್ವ್ ಬಿಸಿ ಮೇಲೆ ಹಿಟ್ಟು ಬೇಗ ಬರಲೇಬೇಕು."

ಇವರು ಕನ್ನಡಕ ಏರಿಸಿಕೊಂಡು, "ಕೋಣೆಯ ಉಷ್ಣಾಂಶ ಎಲ್ಲಿ ಹೇಳಿದ್ದಾರೆ?" ಅಂದರು. ಆಮೇಲೆ ಕೂತು ಹನ್ನೊಂದು ಅಂಶಗಳ ಆಕ್ಷೇಪಣೆ ಬರೆದರು. ನಾನು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅದನ್ನು ಫೋನಿನಲ್ಲಿ ಓದಿ ಬಾಯಿಗೆ ಸೆರಗು ತುರುಕಿಕೊಂಡು ನಕ್ಕೆ. ಬೆಳ್ಳಿ ತಂತಿಗೂ ತಾಮ್ರದ ತಂತಿಗೂ ವ್ಯತ್ಯಾಸ ಕೇಳಿಸುತ್ತದೆ ಅನ್ನುವ ಮನುಷ್ಯ, ದಿನಾ ತಾನು ತೊಳೆದಿಡುವ ಇಡ್ಲಿ ಹಿಟ್ಟಿನ ಪಾತ್ರೆಯನ್ನು ಗುರುತು ಹಿಡಿಯಲಿಲ್ಲ.

ನಾನು ಹೊರಗೆ ಬಂದಾಗ ನಫೀಸಾ ಮಾತ್ರ ಒಗ್ಗರಣೆಯ ಭಾಗವನ್ನೇ ಮತ್ತೆ ಮತ್ತೆ ಹಾಕಿ ನೋಡುತ್ತಿದ್ದಳು. ಕೊನೆಗೆ ಅಂದಳು, "ಅಂಕಲ್, ಒಗ್ಗರಣೆ ಪರೀಕ್ಷೆ ತಮಾಷೆ ಅಲ್ಲ. ಅದನ್ನ ಅಳೀಬಹುದು."

ಅವಳು ಹೇಳಿದ್ದು ಇಷ್ಟು. ಕಿವಿ ಸದ್ದು ಕೇಳುವುದಷ್ಟೇ ಅಲ್ಲ, ತಾನೂ ತೀರಾ ಸಣ್ಣಗೆ ಸದ್ದು ಮಾಡುತ್ತದೆ. ಹಸುಗೂಸಿಗೆ ಕಿವಿ ಕೇಳುತ್ತದೋ ಇಲ್ಲವೋ ಅಂತ ನೋಡುವುದು ಹಾಗೇ. ಕಿವಿಗೆ ಪುಟ್ಟ ಬಿರಡೆ ಇಟ್ಟು ಒಂದು ಸದ್ದು ಬಿಟ್ಟರೆ ಕಿವಿ ಒಳಗಿನಿಂದ ಮರುಸದ್ದು ಕೊಡುತ್ತದೆ, ಬಿರಡೆಯೊಳಗಿನ ಮೈಕು ಅದನ್ನು ಹಿಡಿಯುತ್ತದೆ. ಮಿದುಳಿನಿಂದ ಕಿವಿಗೆ ಇಳಿದು ಬರುವ ನರಗಳೂ ಇವೆ. ಅವು ಈ ಮರುಸದ್ದನ್ನು ಏರಿಸಿ ಇಳಿಸುತ್ತವೆ. "ಕೂಸಿಗೆ ತಾಯಿ ದನಿ ಚೆನ್ನಾಗಿ ಕೇಳಿಸಿದರೆ ಈ ಮರುಸದ್ದು ಒಂದು ಥರ ಅಲುಗಾಡುತ್ತೆ, ಕೆಟ್ಟ ರೆಕಾರ್ಡಿಂಗ್ ಕೇಳಿಸಿದರೆ ಅಲುಗಾಡಲ್ಲ. ಎರಡು ವರ್ಷದಿಂದ ನೋಡ್ತಿದೀನಿ. ಇದು ನಿಜವಾದ ಸದ್ದು ಅಂತ ಮಿದುಳು ನಂಬಿದಾಗ ಮಾತ್ರ ಹಾಗಾಗುತ್ತೆ. ಅದಕ್ಕೊಂದು ಅಳತೆ ಇರಲಿಲ್ಲ, ಈ ವಿಡಿಯೋದವರು ಕೊಟ್ಟಿದ್ದಾರೆ."

ಆಮೇಲೆ ಮೂವರೂ ಒಟ್ಟಿಗೆ ಎದ್ದು ಬೆಸುಗೆ ಕಡ್ಡಿ ಹುಡುಕತೊಡಗಿದರು.

ಮೂರು ವಾರ ನಮ್ಮ ಹಾಲು ಪ್ರಯೋಗಾಲಯವಾಯಿತು. ಬಿರಡೆ ನಫೀಸಾಳದು, ಲೆಕ್ಕ ಹಾಕುವ ಪ್ರೋಗ್ರಾಮು ಪಿಂಟೋ ಬರೆದದ್ದು, ಕಾರ್ಖಾನೆಯ ಹಳೇ ಮುಳ್ಳಿನ ಮೀಟರು ಇವರದು. ಸೊನ್ನೆಯಿಂದ ಹತ್ತರವರೆಗೆ ಇವರೇ ಮುತ್ತಿನಂಥ ಅಕ್ಷರದಲ್ಲಿ ಬರೆದು ಕೆಳಗೆ 'ಒಗ್ಗರಣೆ' ಅಂತ ನಮೂದಿಸಿದರು. ನಾನು ತಮಾಷೆಗೆ ಇಟ್ಟ ಹೆಸರನ್ನು ಇವರು ಸ್ಕೇಲು ಹಿಡಿದು ಬರೆಯುವುದು ನೋಡಿ ನನಗೆ ನಗುವೂ ಬಂತು, ಯಾಕೋ ಪ್ರೀತಿಯೂ ಬಂತು.

ಆಮೇಲೆ ಜಗಳ. ಮಾದರಿ ಒಗ್ಗರಣೆ ಯಾವುದು?

"ತೆಂಗಿನೆಣ್ಣೆ, ಬೆಳ್ಳುಳ್ಳಿ. ಬೇರೆ ಯಾವುದಕ್ಕೂ ಆ ಸದ್ದು ಬರುವುದಿಲ್ಲ," ಅಂದರು ಪಿಂಟೋ.

"ಶೇಂಗಾ ಎಣ್ಣಿ ಇಲ್ಲದ್ದು ಒಗ್ಗರಣಿನs ಅಲ್ರೀ," ಅಂದರು ಹಿರೇಗೌಡರು.

ಇಬ್ಬರೂ ತಾವೇ ಮಾಡಿ ರೆಕಾರ್ಡ್ ಮಾಡುತ್ತೇವೆ ಅಂತ ಹೊರಟರು. ಜನ್ಮದಲ್ಲಿ ಒಲೆ ಮುಂದೆ ನಿಂತವರಲ್ಲ. ಪಿಂಟೋ ಶುದ್ಧವಾಗಿರಲಿ ಅಂತ ಸಾಸಿವೆ ತೊಳೆದು ಒದ್ದೆಯಾಗಿಯೇ ಕಾದ ಎಣ್ಣೆಗೆ ಹಾಕಿದರು. ರೆಕಾರ್ಡಿಂಗಿನಲ್ಲಿ ಒಂದು ಸ್ಫೋಟ, ಆಮೇಲೆ ಕೊಂಕಣಿಯಲ್ಲಿ ಕೆಲವು ಮಾತು. ಹಿರೇಗೌಡರು ತಣ್ಣನೆ ಎಣ್ಣೆಗೆ ಸಾಸಿವೆ ಹಾಕಿ ಒಲೆ ಹಚ್ಚಿ ಕಾಯುತ್ತ ಕೂತರು. ಅವರದು ಆರು ನಿಮಿಷದ ಮೌನ, ಮಧ್ಯೆ ಒಂದು ಕೆಮ್ಮು. ಕೊನೆಗೆ ಇಬ್ಬರೂ ಮನೆಯವರ ಕೈಕಾಲು ಹಿಡಿದು ಸರಿಯಾದ ಒಗ್ಗರಣೆ ಹಾಕಿಸಿಕೊಂಡು ಬಂದರು. ಇವರು ನನ್ನನ್ನೂ ಕೇಳಿದರು. "ಕೆಲಸ ಇದೆ," ಅಂತ ತಪ್ಪಿಸಿಕೊಂಡೆ. ಸರಿ, ಮೂರನೆಯದಕ್ಕೆ ವಿಡಿಯೋದಲ್ಲಿದ್ದ ಒಗ್ಗರಣೆಯನ್ನೇ ತೆಗೆದುಕೊಂಡರು. ಯಾರದೋ ಏನೋ, ಯಾರ ಪಕ್ಷವೂ ಅಲ್ಲ ಅಂತ ಎಲ್ಲರೂ ಒಪ್ಪಿದರು.

ಪರೀಕ್ಷೆಯ ಭಾನುವಾರ ನಾನು ಉಪ್ಪಿಟ್ಟು ಮಾಡಿ ಬಾಗಿಲಲ್ಲೇ ನಿಂತೆ. ಮೊದಲು ಪಿಂಟೋ ಕೂತರು. ಅವರ ಮನೆಯದಕ್ಕೆ ಮುಳ್ಳು ಎಂಟಕ್ಕೆ ಹೋಯಿತು. ಹಿರೇಗೌಡರ ಮನೆಯದಕ್ಕೆ ಮೂರು. ವಿಡಿಯೋದ್ದಕ್ಕೂ ಮೂರು. ಹಿರೇಗೌಡರು ಕೂತಾಗ ತಿರುಗುಮುರುಗು. ತಮ್ಮದಕ್ಕೆ ಎಂಟೂವರೆ, ಮಿಕ್ಕಿದ್ದಕ್ಕೆ ಎರಡು. ಮೀಟರು ಕೆಟ್ಟಿದೆ ಅಂತ ಇಬ್ಬರೂ ಅಂದರು.

"ಕೆಟ್ಟಿಲ್ಲ," ಅಂದಳು ನಫೀಸಾ. ಅವಳ ಕಣ್ಣು ಹೊಳೆಯುತ್ತಿತ್ತು. "ಕಿವಿ ನಂಬೋದು ತನ್ನ ಮನೆ ಸದ್ದನ್ನ ಮಾತ್ರ. ಎಲ್ಲರಿಗೂ ಸಲ್ಲುವ ಮಾದರಿ ಒಗ್ಗರಣೆ ಅನ್ನೋದೇ ಇಲ್ಲ ಅಂಕಲ್."

ಆ ಮಾತು ಅವಳ ತುಟಿಯಲ್ಲಿ ಓದಿದ ಕೂಡಲೇ ನನಗೆ ಮುಂದೇನಾಗುತ್ತದೆ ಅಂತ ಗೊತ್ತಾಯಿತು. ಒಳಗೆ ಹೋಗಿಬಿಡಬೇಕು ಅಂದುಕೊಂಡೆ, ಆದರೂ ಮುಳ್ಳು ನೋಡುವ ಆಸೆಗೆ ಅಲ್ಲೇ ನಿಂತೆ.

ಇವರು ಕೂತರು. ಪಿಂಟೋ ಮನೆಯದಕ್ಕೆ ಮೂರು, ಹಿರೇಗೌಡರದಕ್ಕೆ ಮೂರು. ವಿಡಿಯೋದ ಒಗ್ಗರಣೆ ಹಾಕಿದ ಕೂಡಲೇ ಮುಳ್ಳು ಸರಕ್ಕನೆ ಎದ್ದು ಹತ್ತು ದಾಟಿ ಕೊನೆಯ ತಡೆಗೆ ಹೋಗಿ ಬಡಿಯಿತು.

"ತಪ್ಪು ರೀಡಿಂಗು," ಅಂದರು ಇವರು. ಇನ್ನೊಮ್ಮೆ ಹಾಕಿದರು. ಮತ್ತೆ ಹಾಗೇ. ತಂತಿ ಬದಲಾಯಿಸಿ ಮೂರನೇ ಸಲ ಹಾಕಿದರು. ಮುಳ್ಳು ತಡೆಗೆ ಒರಗಿಕೊಂಡು ಅಲ್ಲೇ ನಡುಗುತ್ತಿತ್ತು.

ಮೊದಲು ನಕ್ಕವರು ಪಿಂಟೋ. "ಅಲ್ಲ ಮಾರಾಯ್ರೆ, ಇದು ನಿಮ್ಮದೇ ಅಡುಗೆಮನೆ." ಹಿರೇಗೌಡರು ತೊಡೆ ತಟ್ಟಿಕೊಂಡು, "ಹನ್ನೊಂದು ಆಕ್ಷೇಪಣಿ ಯಾರಿಗೆ ಬರದ್ರಿ ಶ್ರೀಕಂಠಯ್ಯನವರs, ನಿಮ್ಮ ಮನಿಯವರಿಗೇ ಬರದ್ರಿ," ಅಂತ ನಗುತ್ತ ಸೋಫಾದಿಂದ ಜಾರಿದರು. ನಫೀಸಾ ಕಣ್ಣೀರು ಬರುವಷ್ಟು ನಗುತ್ತಿದ್ದಳು. ನಾನು ಉಪ್ಪಿಟ್ಟಿನ ತಟ್ಟೆ ಹಿಡಿದುಕೊಂಡೇ, "ಹೂಂ, ನಾನೇ ಮಾಡಿದ್ದು," ಅಂದೆ.

ಇವರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಕಿವಿಯ ಬಿರಡೆ ತೆಗೆದು, ಆ ಒಗ್ಗರಣೆಯನ್ನು ಇನ್ನೊಂದು ಸಲ ಬರೀ ಸ್ಪೀಕರಿನಲ್ಲಿ ಹಾಕಿ, ಕಣ್ಣು ಮುಚ್ಚಿ ಕೇಳಿದರು. ಆಮೇಲೆ ನನ್ನ ಕಡೆ ಪೂರಾ ಮುಖ ತಿರುಗಿಸಿ, ನನಗೆ ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದರು.

"ಕರಿಬೇವು ತಡವಾಗಿ ಬಿದ್ದಿದೆ ಇಂದೂ. ಸಾಸಿವೆ ನಿಂತು ಎಷ್ಟೋ ಹೊತ್ತಾದ ಮೇಲೆ ಬಿದ್ದಿದೆ. ನೀನು ಹೀಗೆ ಹಾಕುವವಳಲ್ಲ."

"ಅದು ನನಗೆ ಕೇಳಿಸೋದೇ ಇಲ್ಲರೀ," ಅಂದೆ. "ಆ ವಿಡಿಯೋದಲ್ಲಿ ಕೊನೆಗೆ ಏನು ಸದ್ದಿದೆ ಅಂತ ನನಗೆ ಗೊತ್ತಿಲ್ಲ. ನಿಮ್ಮ ಯಂತ್ರ ಹಾಕಿಕೊಂಡರೆ ತಗಡು ಕೇಳುತ್ತೆ, ತೆಗೆದರೆ ಏನೂ ಕೇಳಲ್ಲ. ನೀವು ಗೆರೆ ತೋರಿಸಿ ಸರಿಯಾಗಿದೆ ಅಂದುಬಿಟ್ಟಿರಿ."

ಹಾಲಿನಲ್ಲಿ ನಗು ನಿಂತಿತು. ಇವರು ಕೈಯಲ್ಲಿದ್ದ ಬಿರಡೆಯನ್ನು ಮೀಟರಿನ ಪಕ್ಕ ಇಟ್ಟರು. "ನಾನು ಯಂತ್ರ ಅಳೆದೆ," ಅಂದರು. "ನಿನ್ನನ್ನ ಕೇಳಬೇಕಿತ್ತು. ತಪ್ಪಾಯಿತು." ನಲವತ್ತು ವರ್ಷದ ಸಂಸಾರದಲ್ಲಿ ಆ ಪದ ಅವರ ಬಾಯಿಂದ ಬಂದದ್ದು ನಾನು ಕಂಡಿರಲಿಲ್ಲ. ಪಿಂಟೋ ಸಂಕೋಚಕ್ಕೆ ಉಪ್ಪಿಟ್ಟು ತಿನ್ನತೊಡಗಿದರು.

ನಫೀಸಾ ಬೀರುವಿನಿಂದ ಕಿವಿಯಂತ್ರದ ಡಬ್ಬಿ ತರಿಸಿದಳು. "ಆಂಟಿ, ನಿಮ್ಮ ಕಿವಿಯಲ್ಲಿ ಮೇಲಿನ ಸದ್ದಿನ ಭಾಗ ಸವೆದಿದೆ, ಕೆಳಗಿನದು ಗಟ್ಟಿಯಾಗಿದೆ. ಮಿದುಳು ನಂಬಿದರೆ ಆ ಸುದ್ದಿ ಇಡೀ ಕಿವಿಗೆ ಬರುತ್ತೆ, ಗಟ್ಟಿ ಇರೋ ಭಾಗ ಉತ್ತರ ಕೊಡುತ್ತೆ. ಚಾರ್ಟು ನೋಡಿ ಯಂತ್ರ ಹೊಂದಿಸೋದು ಬೇಡ. ಮುಳ್ಳು ನೋಡಿ ಹೊಂದಿಸೋಣ."

ಪ್ರಯೋಗಾಲಯ ಅಡುಗೆಮನೆಗೆ ಬಂತು. ಮೀಟರು ಮಿಕ್ಸಿ ಪಕ್ಕ ಕೂತಿತು. ನನ್ನ ಕಿವಿಯಲ್ಲಿ ಯಂತ್ರವೂ ಬಿರಡೆಯೂ ಒಟ್ಟಿಗೆ. ಯಂತ್ರವನ್ನು ಫೋನಿನಿಂದ ತಿದ್ದಬಹುದು. ಪರದೆಯ ಮೇಲೆ ಹದಿನಾರು ಗೀಟು, ಒಂದೊಂದನ್ನೂ ಮೇಲೆ ಕೆಳಗೆ ಸರಿಸಬಹುದು. ನಾನು ಸಾಸಿವೆ ಹಾಕುವುದು, ಇವರು ಗೀಟು ಸರಿಸುವುದು. ಮುಳ್ಳು ಒಂದರ ಹತ್ತಿರ ಮಲಗಿತ್ತು. ಹತ್ತು ಸಲ ಹಾಕಿದೆ. ತಗಡು, ಮೊಳೆ, ಒಮ್ಮೆ ಗಾಜು. ಒಂದು ಡಬ್ಬಿ ಸಾಸಿವೆ ಖಾಲಿಯಾಯಿತು. ಹಿರೇಗೌಡರು ಅಂಗಡಿಗೆ ಓಡಿದರು. ಮುಳ್ಳು ಎರಡು ದಾಟಲಿಲ್ಲ. ಇವರ ಹಣೆಯಲ್ಲಿ ಬೆವರು. ಇದೂ ಆಗುವುದಿಲ್ಲವೇನೋ ಅಂತ ನನಗೆ ಅನ್ನಿಸತೊಡಗಿತು.

ಆಗ ಇವರ ಬೆರಳು ನೋಡಿದೆ. ಟೆಸ್ಟಿಂಗ್ ವಿಭಾಗದವರ ಬೆರಳು. ತಪ್ಪನ್ನು ಕಂಡುಹಿಡಿಯುತ್ತಾರೆ, ಬಗ್ಗಿಸುವುದು ಗೊತ್ತಿಲ್ಲ. ಅವರು ಗೀಟನ್ನು ಒಂದು ಸಲಕ್ಕೆ ಒಂದು ಮನೆ ಸರಿಸುತ್ತಿದ್ದರು. ರಿಲೇ ಪಟ್ಟಿಯನ್ನು ಹಾಗೆ ಬಗ್ಗಿಸಿದರೆ ಮುರಿದೇ ಹೋಗುತ್ತದೆ.

"ಕೊಡಿ ಇಲ್ಲಿ," ಅಂತ ಫೋನು ಇಸಿದುಕೊಂಡೆ. "ಸಾಸಿವೆ ನೀವು ಹಾಕಿ."

ಒಂದು ಗೀಟನ್ನು ಕೂದಲೆಳೆಯಷ್ಟು ಎತ್ತಿದೆ, ಪಕ್ಕದ್ದನ್ನು ಅದಕ್ಕೆ ತಕ್ಕಷ್ಟು ಇಳಿಸಿದೆ. ಒಂದು ಪಟ್ಟಿ ಮುಟ್ಟಿದರೆ ಅದರ ಜೊತೆಯದನ್ನೂ ಮುಟ್ಟಬೇಕು, ಅದು ನಮ್ಮ ಸೆಕ್ಷನ್ನಿನ ಕ್ರಮ. ಮುಳ್ಳು ಮೂರಕ್ಕೆ ಬಂತು. ನಾಲ್ಕು. ಇವರು ಸಾಸಿವೆ ಹಾಕುತ್ತಲೇ ಇದ್ದರು, ನಫೀಸಾ ಎಣ್ಣೆ ಬದಲಾಯಿಸುತ್ತಲೇ ಇದ್ದಳು. ಐದೂವರೆಯಲ್ಲಿ ತಗಡು ಹೋಯಿತು. ಏಳರಲ್ಲಿ ನಾನು ಮುಳ್ಳು ನೋಡುವುದನ್ನೇ ಬಿಟ್ಟು ಕಣ್ಣು ಮುಚ್ಚಿದೆ. ಬೆರಳಿಗೆ ಹಳೇ ಬುದ್ಧಿ ಬಂದಿತ್ತು. ಇನ್ನೊಂದು ಎಳೆ. ಇನ್ನೊಂದು.

ಚಟ್.

ಎಡಗಡೆ, ಬಾಣಲೆಯ ಅಂಚಿನಲ್ಲಿ. ಆಮೇಲೆ ಚಟಪಟ ಎದ್ದಿತು ನೋಡಿ, ನಮ್ಮ ಬಾಣಲೆ, ನಮ್ಮ ಸಾಸಿವೆ, ಒಂದೊಂದು ಕಾಳೂ ಬೇರೆ ಬೇರೆಯಾಗಿ. ಅಳು ಬಂತು, ಅತ್ತುಬಿಟ್ಟೆ. ಕಣ್ಣು ಬಿಟ್ಟಾಗ ನಾಲ್ಕೂ ಜನ ಮುಳ್ಳನ್ನು ಬಿಟ್ಟು ನನ್ನ ಮುಖ ನೋಡುತ್ತಿದ್ದರು. ಒಂಬತ್ತೂಕಾಲು ಅಂತ ಆಮೇಲೆ ಪಿಂಟೋ ಹೇಳಿದರು, ಅವರೊಬ್ಬರಾದರೂ ಬರೆದುಕೊಂಡಿದ್ದರು.

ಅಷ್ಟಕ್ಕೆ ಮುಗಿಯಿತು ಅಂದುಕೊಂಡರೆ ಇವರು ಬಿಡಬೇಕಲ್ಲ. "ವಿಡಿಯೋದ ನಿಯಮದ ಪ್ರಕಾರ ಪರೀಕ್ಷೆ ಪೂರ್ತಿಯಾಗಿಲ್ಲ," ಅಂದರು. "ಪಕ್ಕದ ಕೋಣೆ, ಪೇಪರು."

ಎಲ್ಲರೂ ಹೊರಟ ಮೇಲೆ ನನ್ನನ್ನು ಹಾಲಿನಲ್ಲಿ ಕೂರಿಸಿ ಕೈಗೆ ಪೇಪರು ಕೊಟ್ಟರು. ಬಿರಡೆ ಇಲ್ಲ, ಮೀಟರು ಇಲ್ಲ, ಕಿವಿಯಲ್ಲಿ ಯಂತ್ರ ಮಾತ್ರ. ಇವರು ಒಳಗೆ ಹೋಗಿ ಬಾಗಿಲು ಅರ್ಧ ಮುಚ್ಚಿಕೊಂಡರು. ಸಾರು ನಾನು ಮೊದಲೇ ಕುದಿಸಿಟ್ಟಿದ್ದೆ, ಒಗ್ಗರಣೆಯೊಂದು ಬಾಕಿ. ಇವರು ಅದನ್ನು ಒಬ್ಬರೇ ಹಾಕುವುದು ಜೀವನದಲ್ಲಿ ಅದೇ ಮೊದಲು.

ನಾನು ಪೇಪರಿನಲ್ಲಿ ನಿಜವಾಗಿಯೂ ಮುಳುಗಿದ್ದೆ, ಯಾವುದೋ ಮದುವೆಮನೆಯಲ್ಲಿ ಆನೆ ನುಗ್ಗಿದ ಸುದ್ದಿ. ಓದುತ್ತ ಓದುತ್ತ, ನನಗೇ ಗೊತ್ತಿಲ್ಲದೆ ತಲೆಯೆತ್ತಿ, "ಏನ್ರೀ ಅಡುಗೆ?" ಅಂದೆ.

ಒಳಗೆ ಚಟಪಟ ಇಳಿಯಿತು, ನಾಲ್ಕು ಕಾಳು, ಎರಡು, ನಿಂತೇ ಹೋಯಿತು. ಕರಿಬೇವು ಬೀಳಲೇ ಇಲ್ಲ.

"ಉರಿ ಸಣ್ಣ ಮಾಡ್ರೀ, ಸಾಸಿವೆ ಸೀಯ್ತಿದೆ," ಅಂತ ಕೂಗಿದೆ.

ಅವರು ಉರಿ ಸಣ್ಣ ಮಾಡಲಿಲ್ಲ. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಕರಿಬೇವಿನ ಕಡ್ಡಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ನನ್ನನ್ನೇ ನೋಡಿ ನಗುತ್ತಿದ್ದರು. ಹಿಂದೆ ಬಾಣಲೆಯಿಂದ ಹೊಗೆ ಏಳುತ್ತಿತ್ತು. ಆ ದಿನದ ಸಾರು ಕರ್ರಗೆ ಕಹಿಯಾಗಿತ್ತು. ಇಬ್ಬರೂ ಎರಡೆರಡು ಸಲ ಬಡಿಸಿಕೊಂಡು ಊಟ ಮಾಡಿದೆವು.